ಪಡಸಾಲೆಯಲ್ಲಿ ಬಿಟ್ಟುಹೋದ ಸಾಲು

ಚನ್ನಗಿರಿಯ ತಾಲ್ಲೂಕು ಕಚೇರಿ ಎದುರಿನ ಮಳಿಗೆಗಳಲ್ಲಿ ಒಂದು ಡಿ.ಟಿ.ಪಿ. ಅಂಗಡಿ ಇದೆ. ಅಲ್ಲಿ ಟೈಪ್ ಮಾಡುವವಳು ನಾನು. ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ತೀರಿಕೊಂಡವರ ಶಿವಗಣಾರಾಧನೆಯ ಪತ್ರಿಕೆ, ಪಹಣಿಯಲ್ಲಿ ಹೆಸರು ತಿದ್ದಿಸಿಕೊಳ್ಳುವ ಅರ್ಜಿ, ಹೀಗೆ ಇಪ್ಪತ್ತೈದು ವರ್ಷದಿಂದ ಇಂಥವನ್ನೇ ಟೈಪ್ ಮಾಡುತ್ತ ಬಂದಿದ್ದೇನೆ. ಮೊದಲು ಹೊನ್ನಾಳಿಯ ಒಂದು ಪ್ರೆಸ್ಸಿನಲ್ಲಿದ್ದೆ. ಅದು ಮುಚ್ಚಿದ ಮೇಲೆ ಅಮ್ಮನನ್ನು ಕರೆದುಕೊಂಡು ಇಲ್ಲಿಗೆ ಬಂದೆ.

ಈ ಕೆಲಸದಲ್ಲಿ ಸರಿಯಾಗಿ ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಾದರೆ ಮಾತ್ರ ಜನ ಹುಡುಕಿಕೊಂಡು ಬರುತ್ತಾರೆ. "ಏನಕ್ಕಾ, ವಾರ ಒಂದು, ತಾರೀಖು ಒಂದು ಆಗೈತಲ್ಲ" ಎಂದು ಪತ್ರಿಕೆಯ ಕಟ್ಟನ್ನು ಮೇಜಿನ ಮೇಲೆ ಕುಕ್ಕುತ್ತಾರೆ. ಹಾಗಾಗಿ ನನ್ನ ಕಣ್ಣು ತಪ್ಪನ್ನು ಹುಡುಕುವುದಕ್ಕೇ ಪಳಗಿತು. ಬಸ್ಸಿನ ಬೋರ್ಡು, ಔಷಧಿಯ ಚೀಟಿ, ಗೋಡೆಬರಹ, ಯಾವುದನ್ನೂ ಸುಮ್ಮನೆ ಓದಲು ನನಗೆ ಬರುವುದಿಲ್ಲ.

ಅಮ್ಮ ತೀರಿಕೊಂಡಾಗ ನನಗೆ ನಲವತ್ತಾರು. ಮದುವೆಯಾಗಿರಲಿಲ್ಲ. ಒಡಹುಟ್ಟಿದವರಿಲ್ಲ. ಅವಳ ಪತ್ರಿಕೆಯನ್ನೂ ನಾನೇ ಟೈಪ್ ಮಾಡಿದೆ. "ದುಃಖತಪ್ತ ಕುಟುಂಬದವರು" ಎನ್ನುವುದರ ಕೆಳಗೆ ಬೇರೆ ಪತ್ರಿಕೆಗಳಲ್ಲಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳೆಂದು ಎರಡು ಕಾಲಂ ಹಿಡಿಸುವುದೇ ಕಷ್ಟವಾಗುತ್ತದೆ. ಇದರಲ್ಲಿ ಒಂದೇ ಹೆಸರು ಬಂತು. ಜಾಗ ಖಾಲಿ ಖಾಲಿ ಕಾಣುತ್ತಿತ್ತೆಂದು ಅಕ್ಷರದ ಗಾತ್ರ ಎರಡು ಪಾಯಿಂಟ್ ಹೆಚ್ಚಿಸಿದೆ. ಆಮೇಲೆ ಅದೂ ಸರಿಕಾಣದೆ ಮತ್ತೆ ಇಳಿಸಿದೆ.

ಆ ವರ್ಷವೇ ವಿಶ್ವಕೋಶ ನನ್ನ ಕೈಗೆ ಸಿಕ್ಕಿದ್ದು. ಅಂತರ್ಜಾಲದಲ್ಲಿರುವ, ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ. ಒಂದು ಮದುವೆ ಪತ್ರಿಕೆಗಾಗಿ ಊರಿನ ಹೆಸರಿನ ಕಾಗುಣಿತ ನೋಡುತ್ತಿದ್ದಾಗ ಅದರ ಪುಟವೊಂದು ತೆರೆದುಕೊಂಡಿತು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಊರು ಎಂದು ಅದರಲ್ಲಿತ್ತು. ನ್ಯಾಮತಿಯೇ ತಾಲ್ಲೂಕಾಗಿ ಆಗಲೇ ಕೆಲವು ವರ್ಷ ಕಳೆದಿತ್ತು. ಮೇಲುಗಡೆ "ಸಂಪಾದಿಸಿ" ಎಂದಿತ್ತು. ಒತ್ತಿದೆ. ತಿದ್ದಿದೆ. "ಪ್ರಕಟಿಸಿ" ಎಂದಿತ್ತು. ಅದನ್ನೂ ಒತ್ತಿದೆ. ಪುಟ ಸರಿಯಾಯಿತು. ಯಾರೂ ಹೇಳದೆ, ಯಾರ ಬೈಗುಳವೂ ಇಲ್ಲದೆ ನಾನು ತಿದ್ದಿದ ಮೊದಲ ತಪ್ಪು ಅದು. ಆ ದಿನ ಸಂಜೆ ಬೀಗ ತೆಗೆದು ಮನೆಯೊಳಗೆ ಹೋದಾಗ, ಇದನ್ನು ಹೇಳಲು ಒಬ್ಬರಿರಬೇಕಿತ್ತು ಅನ್ನಿಸಿತು.

ಅಂದಿನಿಂದ ಮಧ್ಯಾಹ್ನದ ಹೊತ್ತು ನನಗೆ ಅದೇ ಕೆಲಸ. ಅಂಗಡಿಯ ಮಾಲೀಕರು ಊಟಕ್ಕೆ ಮನೆಗೆ ಹೋದರೆ ಬರುವುದು ಮೂರು ಗಂಟೆಗೆ. ಕಚೇರಿಗೆ ಬಂದ ಜನವೂ ಆಗ ಮರದ ನೆರಳು ಹಿಡಿದು ಕೂತಿರುತ್ತದೆ. ನಾನು ಬುತ್ತಿಯನ್ನು ಎಡಗೈ ಪಕ್ಕ ಇಟ್ಟುಕೊಂಡು ಜಿಲ್ಲೆಯ ಹಳ್ಳಿಗಳ ಪುಟಗಳನ್ನು ಒಂದೊಂದಾಗಿ ತೆರೆಯುತ್ತಿದ್ದೆ. ಚನ್ನಗಿರಿಯ ಹಳ್ಳಿಗಳನ್ನು ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲೇ ಇಟ್ಟಿದ್ದ ಪುಟಗಳಿದ್ದವು. ಜಗಳೂರಿನ ಹಳ್ಳಿಯೊಂದಕ್ಕೆ ಸಮುದ್ರ ತೀರವನ್ನು ಅಂಟಿಸಿದ್ದವರೂ ಇದ್ದರು.

ನನ್ನಂತೆ ತಿದ್ದುವವರು ಇನ್ನೂ ಹತ್ತು ಹನ್ನೆರಡು ಮಂದಿಯಿದ್ದರು. ಯಾರಿಗೂ ಇದರಿಂದ ಸಂಬಳವಿಲ್ಲ. ಅವರಲ್ಲಿ ಹಿರಿಯರೊಬ್ಬರು ಕರಾವಳಿಯ ಕಡೆಯವರು. ನನಗೆ ನಿಯಮಗಳನ್ನು ಕಲಿಸಿದವರು ಅವರೇ. ನಿಮಗೆ ಗೊತ್ತಿರುವುದು ಮುಖ್ಯವಲ್ಲ, ಅಚ್ಚಾದ ಮೂಲ ಯಾವುದು ಎಂದು ತೋರಿಸುವುದು ಮುಖ್ಯ, ಎಂದು ಬರೆದಿದ್ದರು. ತಿಂಗಳಿಗೊಮ್ಮೆ ಎಲ್ಲರೂ ಕಂಪ್ಯೂಟರಿನ ಪರದೆಯ ಮೇಲೆ ಸಭೆ ಸೇರುತ್ತಿದ್ದರು. ನಾನೂ ಸೇರುತ್ತಿದ್ದೆ. ಆದರೆ ಒಮ್ಮೆಯೂ ಕ್ಯಾಮೆರಾ ಹಾಕಲಿಲ್ಲ, ಮಾತಾಡಲಿಲ್ಲ. ನನ್ನ ಬಳಕೆದಾರ ಹೆಸರಿನಿಂದ ಹೆಣ್ಣೋ ಗಂಡೋ ತಿಳಿಯುತ್ತಿರಲಿಲ್ಲ. ಅವರು ನನ್ನನ್ನು "ಸರ್" ಎನ್ನುತ್ತಿದ್ದರು. ನಾನು ತಿದ್ದಲಿಲ್ಲ.

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಪುಟವನ್ನು ನಾನು ಹೊಸದಾಗಿ ಬರೆದಿದ್ದೆ. ಆ ಊರಿಗೆ ಹೋದವಳಲ್ಲ. ಆದರೆ ಆ ಊರಿನ ಶಾಲೆಯ ಅಮೃತ ಮಹೋತ್ಸವದ ಸ್ಮರಣ ಸಂಚಿಕೆಯ ಒಂದು ಪ್ರತಿ ನನ್ನ ಬಳಿ ಇತ್ತು. ಹೊನ್ನಾಳಿಯ ಪ್ರೆಸ್ಸಿನಲ್ಲಿದ್ದಾಗ ಅದನ್ನು ಟೈಪ್ ಮಾಡಿದವಳು ನಾನೇ. ಆ ಶಾಲೆಯಲ್ಲಿ ಬಹಳ ವರ್ಷ ಹೆಡ್‌ಮಾಸ್ಟರಾಗಿದ್ದವರು ನಿವೃತ್ತರಾಗಿ ಹೊನ್ನಾಳಿಯಲ್ಲಿ ನೆಲೆಸಿದ್ದರು. ಊರಿನ ಇತಿಹಾಸವನ್ನೆಲ್ಲ ಅವರೇ ಕೈಯಲ್ಲಿ ಬರೆದು ತಂದುಕೊಟ್ಟಿದ್ದರು. ಪ್ರೂಫ್ ಸಿದ್ಧವಾಗುವ ಹೊತ್ತಿಗೆ ಅವರಿಗೆ ಕಣ್ಣಿನ ಪೊರೆ ತೆಗೆದು ಹಸಿರು ಬಟ್ಟೆ ಕಟ್ಟಿದ್ದರು. "ನೀನೇ ನೋಡಿಬಿಡವ್ವ, ನಿನ್ನ ಕಣ್ಣು ಚೆನ್ನಾಗದಾವೆ" ಎಂದಿದ್ದರು. ನಾನೇ ನೋಡಿದೆ. ಸಂಚಿಕೆ ಬಂದ ಮರುವರ್ಷ ಅವರು ತೀರಿಕೊಂಡರು.

ಆ ಸಂಚಿಕೆಯ ಆಧಾರದ ಮೇಲೆ ವಿಶ್ವಕೋಶದಲ್ಲಿ ಹೀಗೆ ಬರೆದೆ: ಊರಿನ ಗೌಡರು ತಮ್ಮ ಮನೆಯ ಪಡಸಾಲೆಯಲ್ಲಿ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರು ಮಾಡಿದರು, ಅದೇ ಇಂದಿನ ಶಾಲೆಯ ಮೂಲ. ಕೆಳಗೆ ಸಂಚಿಕೆಯ ಹೆಸರು, ಪುಟಸಂಖ್ಯೆ ಎಲ್ಲ ಕೊಟ್ಟೆ. ಹಿರಿಯರು "ಮಾದರಿ ಪುಟ" ಎಂದು ಮೆಚ್ಚಿದರು. ಮೆಚ್ಚುಗೆಯ ಆ ಎರಡು ಪದಗಳನ್ನು ಎಷ್ಟು ಸಲ ತೆರೆದು ಓದಿದೆನೋ.

ಎರಡು ವರ್ಷ ಆ ಪುಟವನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನೋಡಿದರೆ ಆ ವಾಕ್ಯ ಮಾಯವಾಗಿತ್ತು. ಅದರ ಜಾಗದಲ್ಲಿ, "ಶಾಲೆ ಸುರು ಮಾಡಿದ್ದು ಗೌಡ್ರಲ್ಲ ನಮ್ಮ ಅತ್ತೆ" ಎಂದಿತ್ತು. ಪೂರ್ಣವಿರಾಮ ಕೂಡ ಇರಲಿಲ್ಲ.

ಇಂಥವು ದಿನಾ ಬರುತ್ತವೆ. ಯಾರೋ ತಮ್ಮ ಮಾವನನ್ನು ಸ್ವಾತಂತ್ರ್ಯ ಹೋರಾಟಗಾರ ಮಾಡುತ್ತಾರೆ, ಯಾರೋ ತಮ್ಮ ಅಂಗಡಿಯನ್ನು ಪ್ರೇಕ್ಷಣೀಯ ಸ್ಥಳ ಮಾಡುತ್ತಾರೆ. ನಾನು ಹಳೆಯ ವಾಕ್ಯವನ್ನು ವಾಪಸ್ ತಂದು, "ಮೂಲವಿಲ್ಲದ ಬದಲಾವಣೆ, ರದ್ದುಪಡಿಸಲಾಗಿದೆ" ಎಂದು ಟಿಪ್ಪಣಿ ಹಾಕಿದೆ. ಮಾರನೆಯ ದಿನ ಅವರು ಮತ್ತೆ ಬದಲಾಯಿಸಿದ್ದರು. ಮತ್ತೆ ರದ್ದು ಮಾಡಿದೆ. ಮೂರನೆಯ ಸಲವೂ ಅದೇ ಆಯಿತು. ಆಗ ಪುಟದ ಹಿಂದಿರುವ ಚರ್ಚೆಯ ಜಾಗದಲ್ಲಿ ಅವರಿಗೆ ಬರೆದೆ: "ವಿಶ್ವಾಸಾರ್ಹ ಮುದ್ರಿತ ಮೂಲವಿಲ್ಲದೆ ಇಂಥ ಮಾಹಿತಿಯನ್ನು ಸೇರಿಸುವಂತಿಲ್ಲ. ಕೌಟುಂಬಿಕ ನೆನಪುಗಳು ಮೂಲವಾಗುವುದಿಲ್ಲ. ಇದನ್ನೇ ಮುಂದುವರಿಸಿದರೆ ನಿಮ್ಮ ಖಾತೆಯನ್ನು ನಿರ್ಬಂಧಿಸಬೇಕಾಗಬಹುದು."

ಆ ಕೊನೆಯ ವಾಕ್ಯ ಬರೆಯುವಾಗ ನನಗೆ ಒಂದು ಸುಖವಾಯಿತು. ಅದನ್ನು ಈಗ ಮುಚ್ಚಿಡಲಾರೆ. ಜೀವಮಾನವೆಲ್ಲ ಬೇರೆಯವರಿಂದ ಹೇಳಿಸಿಕೊಂಡವಳಿಗೆ ಒಬ್ಬರಿಗೆ ಹೇಳುವ ಅವಕಾಶ ಸಿಕ್ಕಿತ್ತು.

ಐದಾರು ದಿನ ಉತ್ತರವಿರಲಿಲ್ಲ. ಆಮೇಲೆ ಬಂತು. ಫೋನಿಗೆ ಮಾತಾಡಿ ಅಕ್ಷರ ಮಾಡಿಸಿದ್ದರೆಂದು ಕಾಣುತ್ತದೆ, ಮಾತು ಹೇಗಿತ್ತೋ ಹಾಗೇ ಬಂದಿತ್ತು. "ಸರ್ ನಾನು ಜಗಳೂರಿನಾಗೆ ಇರೋದು. ರಿಟೈರ್ಡ್ ಆಗೀನಿ. ನಿಮ್ಮ ರೂಲ್ಸು ನನಗೆ ಗೊತ್ತಿಲ್ಲ. ಇನ್ನು ಮುಟ್ಟಲ್ಲ. ಆದ್ರೆ ಒಂದು ಮಾತು. ಹೆಡ್‌ಮಾಸ್ಟ್ರು ಆ ಪುಸ್ತಕಕ್ಕೆ ಬರೆಯೋವಾಗ ನಾನೇ ಅವರ ಪಕ್ಕ ಕುಂತು ನಮ್ಮತ್ತೆ ವಿಷಯ ಹೇಳಿದ್ದೆ. ನನ್ನ ಕಣ್ಣ ಮುಂದೇನೇ ಬರಕಂಡ್ರು. ಪುಸ್ತಕದಾಗೆ ಯಾಕೆ ಬರಲಿಲ್ಲ ಅನ್ನೋದು ನನಗೆ ಇವತ್ತಿಗೂ ತಿಳೀವಲ್ದು."

ಓದಿ ಮುಗಿಸಿದಾಗ ಬುತ್ತಿಯ ಅನ್ನ ಹಾಗೇ ಇತ್ತು. ಕಪಾಟಿನಿಂದ ಸಂಚಿಕೆ ತೆಗೆದು ಆ ಪುಟ ನೋಡಿದೆ. ವಾಕ್ಯದಲ್ಲಿ ಯಾವ ದೋಷವೂ ಇರಲಿಲ್ಲ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಕ್ರಮವಾಗಿದ್ದವು. ಹಾಗಿದ್ದೂ ನನಗೆ ಒಳಗೇ ಹೆದರಿಕೆ ಹತ್ತಿತು. ಹೆಡ್‌ಮಾಸ್ಟರು ಬರೆದಿದ್ದರೆ, ಅದಕ್ಕೂ ಅಚ್ಚಿಗೂ ನಡುವೆ ಇದ್ದವಳು ನಾನೊಬ್ಬಳೇ.

ಹೊನ್ನಾಳಿಯ ಪ್ರೆಸ್ಸಿನ ಮಾಲೀಕರು ಈಗ ನ್ಯಾಮತಿಯಲ್ಲಿದ್ದಾರೆ. ಎಂಬತ್ತರ ಹತ್ತಿರ. ಯಾರೂ ವಾಪಸ್ ಕೇಳದ ಹಸ್ತಪ್ರತಿಗಳನ್ನು ಅವರು ಎಸೆಯುತ್ತಿರಲಿಲ್ಲ, ಗಂಟು ಕಟ್ಟಿ ಇಡುತ್ತಿದ್ದರು. ಮುಂದಿನ ಭಾನುವಾರ ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಪ್ರೆಸ್ಸು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ನಿಂತು ನೋಡಲಿಲ್ಲ.

ನ್ಯಾಮತಿಯ ಮನೆಯಲ್ಲಿ ಮಾಲೀಕರು ನಡುಮನೆಯ ಮಂಚದ ಮೇಲೆ ಕೂತಿದ್ದರು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ವಿಷಯ ಹೇಳಿದೆ.

"ಅಟ್ಟದ ಮ್ಯಾಲೆ ಐತೆ ಎಲ್ಲಾ" ಎಂದರು. "ಹತ್ತಾಕೆ ನನಗೆ ಮಂಡಿ ಬಿಡಲ್ಲ. ನೀನೇ ಹತ್ತಿ ನೋಡವ್ವ."

"ಆ ಕಾಗದಾನೆಲ್ಲ ಗುಜರಿಗೆ ಹಾಕ್ರಿ ಅಂತ ಎಷ್ಟು ಸಲ ಬಡ್ಕಂಡಿದೀನಿ" ಎಂದು ಅವರ ಹೆಂಡತಿ ಅಡುಗೆಮನೆಯಿಂದ ಕೂಗಿದರು. "ಹಾಕಿದ್ರೆ ಇವಳಿಗೆ ಈಗ ಏನು ಕೊಡ್ತಿದ್ದೆ?" ಎಂದು ಇವರು ಕೂಗಿದರು.

ಏಣಿ ಹತ್ತಿದೆ. ಧೂಳಿಗೆ ಸೆರಗು ಮೂಗಿಗೆ ಕಟ್ಟಿಕೊಂಡು ಮೂರು ಗಂಟು ಬಿಚ್ಚಿದೆ. ಮೂರನೆಯದರಲ್ಲಿ ಹೆಡ್‌ಮಾಸ್ಟರ ಕೈಬರಹ ಸಿಕ್ಕಿತು. ನೀಲಿ ಶಾಯಿ, ದುಂಡಗಿನ ಅಕ್ಷರ, ಗೆರೆಯ ಹಾಳೆ. ಹೀಗಿತ್ತು:

"ಊರಿನ ಗೌಡರು ತಮ್ಮ ಮನೆಯ ಪಡಸಾಲೆಯಲ್ಲಿ ಜಾಗ ಕೊಟ್ಟರು. ಮದುವೆಯಾದ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಹೆಣ್ಣುಮಗಳೊಬ್ಬರು ಅದೇ ಪಡಸಾಲೆಯಲ್ಲಿ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರು ಮಾಡಿದರು."

"ಹೆಣ್ಣುಮಗಳೊಬ್ಬರು" ಎನ್ನುವುದರ ಮುಂದೆ ಕಂಸದಲ್ಲಿ ಅವರ ಹೆಸರೂ ಇತ್ತು.

ಎರಡು ಗೆರೆಗಳ ಕೊನೆಯಲ್ಲಿ ಒಂದರ ಕೆಳಗೊಂದು "ಪಡಸಾಲೆಯಲ್ಲಿ" ಎಂಬ ಪದ ಬಂದಿತ್ತು. ಮೊದಲನೆಯದನ್ನು ಟೈಪ್ ಮಾಡಿ ತಲೆಯೆತ್ತಿದ್ದೇನೆ. ಮತ್ತೆ ಹಾಳೆ ನೋಡುವಾಗ ಕಣ್ಣು ಎರಡನೆಯದಕ್ಕೆ ಜಾರಿದೆ. ನಡುವೆ ಇದ್ದವರು ಹಾಗೇ ಹೋದರು. "ಮಾಡಿದರು" ಎಂಬ ಕ್ರಿಯಾಪದ ಗೌಡರಿಗೂ ಹೊಂದುತ್ತಿತ್ತು, ಆ ಹೆಂಗಸಿಗೂ ಹೊಂದುತ್ತಿತ್ತು. ಹಾಗಾಗಿ ಪ್ರೂಫ್ ನೋಡುವಾಗ ನನಗೂ ಗೊತ್ತಾಗಲಿಲ್ಲ, ಆಕೆಯನ್ನು ಬಲ್ಲವರನ್ನು ಬಿಟ್ಟರೆ ಓದಿದ ಯಾರಿಗೂ ಗೊತ್ತಾಗಲಿಲ್ಲ.

ಅಟ್ಟದಿಂದ ಇಳಿದು ನೆಲದ ಮೇಲೆ ಕೂತುಬಿಟ್ಟೆ.

"ಸಿಕ್ತಾ?" ಎಂದರು ಮಾಲೀಕರು.

"ಸಿಕ್ತುರಿ."

"ಮತ್ತ್ಯಾಕೆ ಹಂಗೆ ಕುಂತೆ?"

"ಒಂದು ಸಾಲು ಬಿಟ್ಟಿದೀನಿ ಅಣ್ಣಾ. ನನ್ನ ಕೈಲೇ ತಪ್ಪಾಗೈತೆ."

"ಎಷ್ಟು ಪುಟದ್ದು ಆ ಪುಸ್ತಕ?"

"ನೂರಾ ಇಪ್ಪತ್ತು."

"ನೂರಾ ಇಪ್ಪತ್ತು ಪುಟದಾಗೆ ಒಂದು ಸಾಲು! ಅದಕ್ಯಾಕೆ ಇಷ್ಟು ದೂರ ಬಂದೆ ಮಾರಾಯ್ತಿ? ನಮ್ಮ ಪ್ರೆಸ್ಸಿನಾಗೆ ನಿನಗಿಂತ ಚೆಂದಾಗಿ ಯಾರು ಕೆಲಸ ಮಾಡಿದ್ರು ಹೇಳು?"

ಅವರ ಹೆಂಡತಿ ಕೈ ಒರೆಸಿಕೊಂಡು ಹೊರಗೆ ಬಂದು, ಏನು ಬಿಟ್ಟಿದ್ದೀ ಓದು ಎಂದರು. ಓದಿದೆ. ಹೆಸರನ್ನೂ ಓದಿದೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಪಾಪ" ಎಂದರು. "ಇದ್ದದ್ದೇ ಒಂದು ಕಡೆ ಹೆಸರು. ಅದೂ ಹೋತು."

ಜಗಳೂರಿನವರಿಗೆ ಚರ್ಚೆಯ ಜಾಗದಲ್ಲಿ ಬರೆದೆ. ನನ್ನ ಬಳಿ ಒಂದು ಕಾಗದವಿದೆ, ತಂದು ತೋರಿಸುತ್ತೇನೆ ಎಂದೆ. ಅವರು ಎಲ್ಲರಿಗೂ ಕಾಣುವಂತೆ ತಮ್ಮ ಫೋನ್ ನಂಬರನ್ನೇ ಅಲ್ಲಿ ಬರೆದುಬಿಟ್ಟರು. ನಾನು ಗಡಿಬಿಡಿಯಲ್ಲಿ ಗುರುತು ಮಾಡಿಕೊಂಡು ಅದನ್ನು ಅಳಿಸಿದೆ. ಅವರ ಬರಹವನ್ನು ನಾನು ಅಳಿಸಿದ್ದು ಅದು ನಾಲ್ಕನೆಯ ಸಲ.

ಫೋನ್ ಮಾಡಿದೆ. "ನೀವು ಹೆಣ್ಣುಮಕ್ಕಳೇನ್ರಿ? ನಾನು ಯಾರೋ ದೊಡ್ಡ ಆಫೀಸರ್ರು ಅನ್ಕಂಡಿದ್ದೆ" ಎಂದರು.

ಚನ್ನಗಿರಿಯಿಂದ ತ್ಯಾವಣಿಗೆ ಮೇಲೆ ದಾವಣಗೆರೆ, ಅಲ್ಲಿಂದ ಜಗಳೂರು. ಬಸ್ಸಿಳಿದಾಗ ಹನ್ನೊಂದೂವರೆ. ಬಿಳಿ ಅಂಗಿ ತೊಟ್ಟ, ತೆಳ್ಳಗಿನ, ಅರವತ್ತೈದರ ಆಸುಪಾಸಿನ ಒಬ್ಬರು ಇಳಿಯುವ ಪ್ರತಿ ಹೆಂಗಸಿನ ಮುಖ ನೋಡುತ್ತ ನಿಂತಿದ್ದರು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಸಣ್ಣವರಿದ್ದಾಗಲೇ ತಾಯಿ ತೀರಿಹೋಗಿ, ಅವರನ್ನು ಸಾಕಿದವರು ಆ ಸೋದರತ್ತೆಯೇ. ಅವರ ಮನೆಗೆ ಹೋದೆವು, ಬೇರೆ ಯಾರೂ ಇರಲಿಲ್ಲ. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರಂತೆ. ಅಂಗಡಿಯಿಂದ ಕಟ್ಟಿಸಿಕೊಂಡು ಬಂದಿದ್ದ ಮಂಡಕ್ಕಿ ಮೆಣಸಿನಕಾಯಿಯನ್ನು ತಟ್ಟೆಗೆ ಸುರಿದು ನನ್ನ ಮುಂದಿಟ್ಟರು. "ಮೊದಲು ತಿನ್ರಿ. ಎಷ್ಟೊತ್ತಿಗೆ ಹೊರಟಿದ್ರೋ ಏನೋ."

ನಾನು ತಿನ್ನುವ ಮೊದಲೇ ಹಾಳೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಹಾಳೆಯನ್ನು ದೂರ ಹಿಡಿದು, ಒಂದೊಂದೇ ಪದ ಗಟ್ಟಿಯಾಗಿ ಓದಿದರು. ಹೆಸರು ಬಂದಲ್ಲಿ ನಿಂತರು. ಮತ್ತೆ ಮೊದಲಿನಿಂದ ಓದಿದರು.

"ನಾನು ಹೇಳಿದ್ದೆನಲ್ಲ" ಎಂದರು. "ಬರಕಂಡಿದ್ರು."

"ಹೌದ್ರಿ. ಅವರು ಬರೆದಿದ್ರು. ಟೈಪ್ ಮಾಡೋವಾಗ ಆ ಸಾಲು ಬಿಟ್ಟವಳು ನಾನು. ಪ್ರೂಫ್ ನೋಡಿದವಳೂ ನಾನೇ."

ಅವರು ಕನ್ನಡಕ ತೆಗೆದರು. ಹಾಳೆಯನ್ನು ತಟ್ಟೆಯಿಂದ ದೂರ ಸರಿಸಿ ಇಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಬೈಸಿಕೊಳ್ಳುವುದು ನನಗೆ ರೂಢಿ.

"ಬಿಟ್ಟಿದ್ದು ಕಣ್ತಪ್ಪು ಬಿಡ್ರಿ" ಎಂದರು. "ಯಾರಿಗಾದ್ರೂ ಆಗ್ತೈತೆ. ಆದ್ರೆ ಮೂರು ಸಲ ಅಳಿಸಿದ್ರಲ್ಲ, ಅದು ಕಣ್ತಪ್ಪಲ್ಲ. ಯಾರಪ್ಪಾ ನೀನು, ಏನು ನಿನ್ನ ಕಥೆ ಅಂತ ಒಂದು ಸಲ ಕೇಳಬಹುದಿತ್ತಲ್ರಿ?"

ಹೆದರಿಸಿದ್ದೆನಲ್ಲ, ಆ ವಾಕ್ಯ ನೆನಪಾಗಿ ತಲೆ ತಗ್ಗಿಸಿದೆ. "ತಪ್ಪಾತ್ರಿ" ಎಂದೆ. ಅವರು ತಟ್ಟೆಯನ್ನು ಇನ್ನಷ್ಟು ನನ್ನ ಕಡೆ ಸರಿಸಿದರು. "ಮೆತ್ತಗಾಗ್ತವೆ, ತಿನ್ರಿ."

ಆಮೇಲೆ ತಮ್ಮ ಮೊಪೆಡ್ಡಿನಲ್ಲಿ ನನ್ನನ್ನು ಊರಿಗೆ ಕರೆದುಕೊಂಡು ಹೋದರು. ದಾರಿಯ ಎರಡೂ ಕಡೆ ಮೆಕ್ಕೆಜೋಳ ತೆನೆ ಕಟ್ಟಿ ನಿಂತಿತ್ತು. ದಾರಿಯುದ್ದಕ್ಕೂ ಅತ್ತೆಯ ವಿಷಯ ಹೇಳಿದರು. ಅರ್ಧ ಮಾತು ಗಾಳಿಗೆ ಹೋಯಿತು. ಆಕೆಗೆ ಅಕ್ಷರ ಕಲಿಸಿದ್ದು ಆಕೆಯ ಸ್ವಂತ ಅಣ್ಣನೇ ಅಂತೆ. ಗಂಡನ ಮನೆಯಿಂದ ಬಂದ ಮೇಲೆ ಬಾವಿಗೆ ಹೋಗುವುದಕ್ಕೂ ಹೊತ್ತು ನೋಡಿ ಹೋಗಬೇಕಿತ್ತಂತೆ, ಎದುರಿಗೆ ಬಂದರೆ ಜನ ವಾಪಸ್ ತಿರುಗುತ್ತಿದ್ದರಂತೆ. ಅಂಥವಳ ಮುಂದೆ ಮಕ್ಕಳನ್ನು ಕೂರಿಸಲು ಒಪ್ಪಿದವರು ಗೌಡರೊಬ್ಬರೇ. ಸರ್ಕಾರ ಶಾಲೆ ಮಂಜೂರು ಮಾಡಿ ಮೇಷ್ಟರನ್ನು ಕಳಿಸಿದ ದಿನ ಆಕೆಯ ಪಾಠ ನಿಂತಿತು. "ಆಮ್ಯಾಲೆ ಯಾರೂ ಕರೀಲಿಲ್ಲ. ಅತ್ತೆ ಮನೇಲಿ ಕುಂತು ನಮಗೆ ಮಗ್ಗಿ ಹೇಳ್ಕೊಡೋಳು. ಅಷ್ಟೇ."

ಭಾನುವಾರವಾದ್ದರಿಂದ ಶಾಲೆಗೆ ಬೀಗ ಹಾಕಿತ್ತು. ಗೇಟಿನ ಕಮಾನಿನ ಮೇಲೆ "ಸಂಸ್ಥಾಪಕರು" ಎಂದು ಗೌಡರ ಹೆಸರಿತ್ತು. ಅಕ್ಷರಗಳಲ್ಲಿ ಕಾಗುಣಿತದ ತಪ್ಪಿರಲಿಲ್ಲ.

ಗೌಡರ ಮನೆ ಪಕ್ಕದ ಬೀದಿಯಲ್ಲಿ. ಪಡಸಾಲೆಯ ಕಂಬಗಳು ಹಾಗೇ ಇದ್ದವು, ನಡುವೆ ಮೆಕ್ಕೆಜೋಳದ ಚೀಲ ಒಟ್ಟಿದ್ದರು. ಗೌಡರ ಮೊಮ್ಮಗ ಹೊರಗೆ ಬಂದರು. ಐವತ್ತರ ಮೇಲಿನ ಗಟ್ಟಿ ಆಳು. ಕಾಂಪೌಂಡರನ್ನು ಕಂಡು "ಏನಣ್ಣಾ, ಅಪರೂಪ" ಎಂದು ನಮ್ಮಿಬ್ಬರಿಗೂ ಚೊಂಬಿನಲ್ಲಿ ನೀರು ಕೊಟ್ಟರು. ನಾನು ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ. ನಂಬಲೂ ಇಲ್ಲ.

"ನಮ್ಮ ತಾತನೇ ಕಲಿಸಿದ್ದು ಅಂತ ಪುಸ್ತಕದಾಗೆ ಐತಲ್ರಿ. ಫೋನಿನಾಗೂ ಐತೆ. ನಮ್ಮ ಮಗಳು ತೋರಿಸಿದ್ಲು."

"ನಿಮ್ಮ ತಾತನಿಗೆ ಓದಾಕೆ ಬರ್ತಿತ್ತೇನಪ್ಪ?" ಎಂದು ಕಾಂಪೌಂಡರು ಮೆಲ್ಲಗೆ ಕೇಳಿದರು.

"ಎಲ್ಲಿ ಬರ್ತಿತ್ತಣ್ಣಾ, ಹೆಬ್ಬೆಟ್ಟು ಒತ್ತೋರು" ಎಂದು ಮೊಮ್ಮಗ ನಕ್ಕರು. ನಗುತ್ತಿದ್ದವರು ಹಾಗೇ ನಿಂತರು. ಕಂಬಗಳ ಕಡೆ ನೋಡಿದರು. ನಮ್ಮ ಕಡೆ ನೋಡಿದರು. "ಅರೆ, ಹೌದಲ್ಲ" ಎಂದರು.

ಚನ್ನಗಿರಿಗೆ ವಾಪಸ್ ಬರುವಾಗ ಇನ್ನೆಲ್ಲ ಸಲೀಸು ಅಂದುಕೊಂಡಿದ್ದೆ. ಮರುದಿನ ಮಧ್ಯಾಹ್ನ ಪುಟದಲ್ಲಿ ಆ ಹೆಂಗಸಿನ ಹೆಸರು ಬರೆದು, ಹಸ್ತಪ್ರತಿಯ ಫೋಟೋ ಹಾಕಿದೆ. ಚರ್ಚೆಯ ಜಾಗದಲ್ಲಿ ನಡೆದದ್ದನ್ನೆಲ್ಲ ವಿವರವಾಗಿ ತಿಳಿಸಿದೆ. ಸಂಚಿಕೆಯನ್ನು ಟೈಪ್ ಮಾಡಿದ್ದು ನಾನೇ ಎಂದೂ ಬರೆದೆ. ಸಂಜೆಯೊಳಗೆ ಕರಾವಳಿಯ ಹಿರಿಯರು ನನ್ನ ಬದಲಾವಣೆಯನ್ನು ರದ್ದುಪಡಿಸಿದ್ದರು. "ನಿಮ್ಮ ಪ್ರಾಮಾಣಿಕತೆ ದೊಡ್ಡದು. ಆದರೆ ಅಪ್ರಕಟಿತ ಹಸ್ತಪ್ರತಿ ಮೂಲವಾಗುವುದಿಲ್ಲ. ಅಲ್ಲದೆ ಎರಡು ಪತ್ರಿಕೆಗಳ ವರದಿಯಲ್ಲೂ ಗೌಡರ ಹೆಸರೇ ಇದೆ" ಎಂದು ಬರೆದಿದ್ದರು.

ಆ ವರದಿಗಳನ್ನು ಹುಡುಕಿ ಓದಿದೆ. ಎರಡೂ ನಾನು ಪುಟ ಬರೆದ ಮೇಲೆ ಬಂದವು. ನನ್ನ ವಾಕ್ಯ ಪದಕ್ಕೆ ಪದ ಅಲ್ಲಿತ್ತು. ನನ್ನದೇ ತಪ್ಪು ಊರೆಲ್ಲ ಸುತ್ತಿ, ಅಚ್ಚಾಗಿ, ಸಾಕ್ಷಿಯಾಗಿ ನನ್ನೆದುರು ಬಂದು ನಿಂತಿತ್ತು. ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ವಾದ ಮೂರು ವಾರ ನಡೆಯಿತು. ಬೇರೆ ಇಬ್ಬರು ಬಂದು ಅವರ ಪರ ಮಾತಾಡಿದರು, ನನ್ನ ಪರ ಯಾರೂ ಇರಲಿಲ್ಲ. ಅವರು ಕೆಟ್ಟವರಲ್ಲ. ನಾನು ಅವರ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆ, ಮಾಡಿಯೂ ಇದ್ದೆ. ಕೊನೆಗೆ ಹಿರಿಯರು ಒಂದು ತೀರ್ಮಾನಕ್ಕೆ ಬಂದರು. ಸಂಚಿಕೆ ನಂಬಲರ್ಹವಲ್ಲವೆಂದು ಗೊತ್ತಾದ ಮೇಲೆ ಅದರ ವಾಕ್ಯವೂ ಇರಬಾರದು, ಹಸ್ತಪ್ರತಿಯ ವಾಕ್ಯವೂ ಇರಬಾರದು. ಎಲ್ಲ ತೆಗೆದರು. ಈಗ ಆ ಪುಟದಲ್ಲಿರುವುದು ಇಷ್ಟೇ: "ಊರಿನಲ್ಲಿ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ."

ಕಾಂಪೌಂಡರಿಗೆ ಫೋನ್ ಮಾಡಿ ಹೇಳಿದೆ. "ಈಗ ಯಾರ ಹೆಸರೂ ಇಲ್ರಿ."

"ಗೌಡ್ರದ್ದೂ ಇಲ್ವಾ?"

"ಇಲ್ಲ."

"ಅವರು ಜಾಗ ಕೊಟ್ಟಿದ್ದು ಖರೇ ಅಲ್ಲೇನ್ರಿ? ಅದನ್ನಾದ್ರೂ ಇಡಬೇಕಿತ್ತು."

ಅದಕ್ಕೂ ಮೂಲವಿಲ್ಲ ಎಂದು ಹೇಳಬೇಕಾಯಿತು. ಹೇಳುವಾಗ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ನನಗೆ ಗೊತ್ತಿದ್ದ ಹಳೆಯ ದಾರಿ ಒಂದೇ ಉಳಿದಿತ್ತು. ಪುಸ್ತಕ ಅಚ್ಚಾದ ಮೇಲೆ ತಪ್ಪು ಸಿಕ್ಕಿದರೆ ಪ್ರೆಸ್ಸಿನಲ್ಲಿ ಒಪ್ಪೋಲೆ ಹಾಕುತ್ತಿದ್ದೆವು. ಇಂಥ ಪುಟದಲ್ಲಿ ಇಂಥ ತಪ್ಪಾಗಿದೆ, ಹೀಗೆ ಓದಿಕೊಳ್ಳಿ ಎಂಬ ಚೀಟಿ. ಹೆಡ್‌ಮಾಸ್ಟರ ಸಾಲನ್ನು ಪೂರ್ತಿಯಾಗಿ ಟೈಪ್ ಮಾಡಿ, ಮೂರು ಸಲ ಓದಿ, ಐವತ್ತು ಚೀಟಿ ಮಾಡಿ ಕಾಂಪೌಂಡರಿಗೆ ಅಂಚೆಯಲ್ಲಿ ಕಳಿಸಿದೆ. ಕೆಳಗೆ "ಬೆರಳಚ್ಚಿನ ದೋಷ" ಎಂದು ಹಾಕಿದೆ. ಕಾಂಪೌಂಡರು ಗೋಂದಿನ ಬಾಟಲಿ ಹಿಡಿದು ಆ ಊರಿನ ಮನೆ ಮನೆಗೆ ಹೋದರಂತೆ. ಹದಿನಾಲ್ಕು ಮನೆಗಳಲ್ಲಿ ಸಂಚಿಕೆ ಇನ್ನೂ ಇತ್ತು. ಒಂದು ಮನೆಯಲ್ಲಿ, ನಮ್ಮ ಪುಸ್ತಕಕ್ಕೆ ಯಾಕೆ ಅಂಟಿಸುತ್ತೀರಿ ಎಂದು ಬಾಗಿಲು ಹಾಕಿಕೊಂಡರು. ಇನ್ನೊಂದರಲ್ಲಿ ಆ ಪುಟವೇ ಹರಿದುಹೋಗಿತ್ತು. ಗೌಡರ ಮೊಮ್ಮಗ ಚೀಟಿ ತೆಗೆದುಕೊಂಡು ಆಮೇಲೆ ಅಂಟಿಸುತ್ತೇನೆ ಎಂದರು. ಅಂಟಿಸಿದರೋ ಇಲ್ಲವೋ ಗೊತ್ತಿಲ್ಲ. ಕಮಾನು ಹಾಗೇ ಇದೆ.

ಇಷ್ಟನ್ನು ಫೋನಿನಲ್ಲಿ ಹೇಳಿದ ಮೇಲೆ ಕಾಂಪೌಂಡರು, "ಆತು ಬಿಡ್ರಿ, ನಮ್ಮ ಕೈಲಾದ್ದು ಮಾಡಿದ್ವಿ" ಎಂದರು. ಅದೇ ನಮ್ಮ ಕೊನೆಯ ಮಾತು. ಜಗಳವಾಗಲಿಲ್ಲ, ಮಾತಾಡಲು ಇನ್ನೇನೂ ಉಳಿಯಲಿಲ್ಲ, ಅಷ್ಟೇ.

ನಾನು ಈಗಲೂ ಮಧ್ಯಾಹ್ನ ತಿದ್ದುತ್ತೇನೆ, ಮೊದಲಿಗಿಂತ ನಿಧಾನವಾಗಿ. ಯಾರಾದರೂ ಮೂಲವಿಲ್ಲದೆ ಏನಾದರೂ ಬರೆದಿದ್ದರೆ, ಅಳಿಸುವ ಮುಂಚೆ ಚರ್ಚೆಯ ಜಾಗದಲ್ಲಿ ಕೇಳುತ್ತೇನೆ: ಇದು ನಿಮಗೆ ಹೇಗೆ ಗೊತ್ತು, ಸ್ವಲ್ಪ ಹೇಳುತ್ತೀರಾ? ಬಹಳಷ್ಟು ಜನ ಉತ್ತರ ಕೊಡುವುದಿಲ್ಲ. ವಾರ ಕಾಯುತ್ತೇನೆ. ಆಮೇಲೆ ಅಳಿಸುತ್ತೇನೆ. ತಿಂಗಳ ಸಭೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಯಾಕೆ ಬರುತ್ತಿಲ್ಲ ಎಂದು ಒಬ್ಬರು ಕೇಳಿದ್ದರು, "ಸರ್, ಆರೋಗ್ಯ ತಾನೆ?" ಎಂದು.

ಹೋದ ತಿಂಗಳು ಇತ್ತೀಚಿನ ಬದಲಾವಣೆಗಳ ಪಟ್ಟಿ ನೋಡುತ್ತಿದ್ದೆ. ದನಕರುಗಳ ಕಾಲುಬಾಯಿ ರೋಗದ ಪುಟದಲ್ಲಿ ಒಂದು ತಿದ್ದುಪಡಿಯಾಗಿತ್ತು. ಮಾಡಿದವರು ಕಾಂಪೌಂಡರು. ತೆರೆದು ನೋಡಿದೆ. ಲಸಿಕೆ ಹಾಕಿಸುವ ವಯಸ್ಸು ತಪ್ಪಾಗಿದ್ದುದನ್ನು ಸರಿಮಾಡಿ, ಕೆಳಗೆ ಇಲಾಖೆಯ ಕೈಪಿಡಿಯೊಂದರ ಹೆಸರು, ಪುಟಸಂಖ್ಯೆ ಕೊಟ್ಟಿದ್ದರು. ಪೂರ್ಣವಿರಾಮವೂ ಇತ್ತು. ಹತ್ತು ನಿಮಿಷದ ಹಿಂದೆ ಎಂದು ಪಕ್ಕದಲ್ಲಿ ತೋರಿಸುತ್ತಿತ್ತು. ಅಂದರೆ ಜಗಳೂರಿನ ಆ ಮನೆಯಲ್ಲಿ ಅವರು ಇನ್ನೂ ಫೋನ್ ಕೈಯಲ್ಲಿ ಹಿಡಿದೇ ಕೂತಿರಬಹುದು.

ಫೋನ್ ಮಾಡಬೇಕೆನ್ನಿಸಿತು. ಮಾಡಿ ಏನು ಹೇಳುವುದು? ಅವರು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಷ್ಟರಲ್ಲಿ ಅರ್ಜಿ ಟೈಪ್ ಮಾಡಿಸಲು ಒಬ್ಬರು ಬಂದು ಬಾಗಿಲಲ್ಲಿ ನಿಂತರು. ಬುತ್ತಿ ಮುಚ್ಚಿ, ಅವರ ಕೈಯಿಂದ ಕಾಗದ ಇಸಿದುಕೊಂಡೆ.